ಸಾಲಿ ಹುಡುಗ್ರಿಗೆ ನೆಟ್‌ದಾಗ ಹುಡುಕೋದು ಕಲಿಸಬೇಕಾ? ನಮ್ಮೂರಿಂದನೇ ಶುರು ಮಾಡ್ರಿ

ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಹುಡುಗ್ರಿಗೆ ಫೋನ್ ಹಿಡಿಯೋದು ನಾವು ಕಲಿಸಬೇಕಾಗಿಲ್ಲ, ಅದನ್ನ ಅವರೇ ನಮಗ ಕಲಿಸ್ತಾರ. ಆದ್ರ ಪ್ರಾಜೆಕ್ಟ್ ಬುಕ್ ತಿದ್ದೋ ಮಾಸ್ತರ ಮೇಡಂಗಳಿಗೆ ಗೊತ್ತದ, ಬೀದರ್ ಕೋಟಿ ಮ್ಯಾಲ ಎರಡು ಪೇಜ್ ಬರ್ಕೊಂಡು ಬರ್ರಿ ಅಂದ್ರ ಅರ್ಧ ಕ್ಲಾಸಿನ ಬುಕ್‌ದಾಗ ಒಂದೇ ಪ್ಯಾರಾ, ಒಂದೇ ತಪ್ಪು, ಕೆಲವರಂತೂ ಕೊನೀಗೆ ಇರೋ 'ಇನ್ನಷ್ಟು ಓದಿ' ಅನ್ನೋದನ್ನೂ ಚಂದ ಅಕ್ಷರದಾಗ ಬರ್ದಿರ್ತಾರ. ಬೈದು ಉಪಯೋಗ ಇಲ್ಲ. ಮೊದಲು ಬಂದ ರಿಸಲ್ಟ್ ಯಾಕ ಸಾಕಾಗಂಗಿಲ್ಲ ಅಂತ ನಾವು ಅವರಿಗೆ ಯಾವತ್ತೂ ತೋರ್ಸಿಲ್ಲ, ಅಷ್ಟೇ.

ಇದರ ಮ್ಯಾಲ ಟ್ರೇನಿಂಗ್‌ದಾಗ ಕೊಡೋ ಚೆಕ್‌ಲಿಸ್ಟ್‌ಗಳು ಭಾಳ ಅವ, 'ಲೇಖಕರು ಯಾರು, ದಿನಾಂಕ ಅದ ಏನು, ವ್ಯಾಕರಣ ಸರಿ ಅದ ಏನು' ಅಂತ. ಹುಡುಗ್ರು ಅದನ್ನ ಬಾಯಿಪಾಠ ಮಾಡಿ ಪರೀಕ್ಷೆದಾಗ ಬರೀತಾರ, ಸಂಜೀಗೆ ಮನೀಗೆ ಹೋಗಿ ಫಾರ್ವರ್ಡ್ ನಂಬ್ತಾರ. ನನ್ನ ಪ್ರಕಾರ ಕಲಿಸೋ ದಾರಿ ಬ್ಯಾರೆ ಅದ. ಹುಡುಗಗ ಉತ್ತರ ಗೊತ್ತಿರೋ, ಇಲ್ಲಾ ಸೈಕಲ್ ಮ್ಯಾಲ ಹೋಗಿ ಕಣ್ಣಾರೆ ನೋಡಿ ಬರಬಹುದಾದ ವಿಷಯ ತಗೋರಿ, ಅದ್ರ ಬಗ್ಗೆ ನೆಟ್ ಏನು ಹೇಳ್ತದ ಅಂತ ಹುಡುಕಸ್ರಿ. ತನ್ನೂರಿನ ಬಗ್ಗೆ ನೆಟ್ ತಪ್ಪು ಹೇಳೋದನ್ನ ಒಮ್ಮೆ ನೋಡಿದ ಹುಡುಗ, ಅಮೇರಿಕದ ಬಗ್ಗೆ ಹೇಳಿದ್ದನ್ನೂ ಸ್ವಲ್ಪ ತಡದು ನಂಬ್ತಾನ.

ಮೊದಲನೇ ಹಂತ: ಪ್ರಶ್ನೆ ಆರ್ಸೋದು

ಬೀದರ್‌ದವರಿಗೆ ನಾನು ಹೇಳೋದು ಬಹಮನಿ ಸುಲ್ತಾನರ ಕಾಲದ ಮಹಮೂದ್ ಗವಾನ್ ಮದರಸಾ. ಚೌಬಾರಾ ಗೋಪುರದಿಂದ ಕೋಟಿ ಕಡೆ ಹೋಗೋ ದಾರಿಯಾಗೇ ಅದ, ಎಲ್ಲಾ ಹುಡುಗ್ರೂ ನೋಡಿರ್ತಾರ. ಪ್ರಶ್ನೆ ಸಣ್ಣದಿರಲಿ: ಇದನ್ನ ಕಟ್ಟಿದ್ದು ಯಾವ ವರ್ಷ? ಮುಂದಿನ ಮಿನಾರ ಎಷ್ಟಿದ್ದವು, ಈಗ ಎಷ್ಟು ನಿಂತಾವ? ಒಂದು ಭಾಗ ಬಿದ್ದಿದ್ದು ಯಾಕ? ಕಲಬುರಗಿಯವರಿಗೆ ಕೋಟಿ ಮ್ಯಾಲಿನ ದೊಡ್ಡ ತೋಪು (ಫಿರಂಗಿ) ಅದ, 29 ಅಡಿ, ಜಗತ್ತಿನಾಗೇ ಅತೀ ಉದ್ದದ್ದು ಅಂತ ಎಲ್ಲಾ ಕಡೆ ಬರ್ದಿರ್ತಾರ. ಅಳತಿ ಮಾಡಿದ್ದು ಯಾರು, ಉಳಿದ ತೋಪುಗಳ ಜೋಡಿ ಹೋಲಿಸಿ ನೋಡಿದ್ದು ಯಾರು ಅಂತ ಹುಡುಕಲಿ. ಯಾದಗಿರಿಯವರಿಗೆ ಇನ್ನೂ ಸರಳ, ನಿಮ್ಮ ಜಿಲ್ಲಾ ಹುಟ್ಟಿದ್ದು ಯಾವಾಗ? ಒಂದು ಕಡೆ 2009ರ ಡಿಸೆಂಬರ್ ಅಂತ ಸಿಗ್ತದ, ಇನ್ನೊಂದು ಕಡೆ 2010ರ ಏಪ್ರಿಲ್. ಎರಡಕ್ಕೂ ಕಾರಣ ಏನಿರಬಹುದು ಅಂತ ಹುಡುಗ್ರೇ ವಿಚಾರ ಮಾಡ್ಲಿ.

ಹಿಂದಿನ ದಿನ ರಾತ್ರಿ ನೀವು ನಿಮ್ಮ ಫೋನ್‌ದಾಗ ಅದೇ ಪ್ರಶ್ನೆ ಹುಡುಕಿ ನೋಡ್ರಿ, ಏನು ಬರ್ತದ ಅಂತ ಗೊತ್ತಿರಬೇಕು. ಕಂಪ್ಯೂಟರ್ ಲ್ಯಾಬ್ ಇಲ್ಲ, ಇದ್ರೂ ಕರೆಂಟ್ ಇಲ್ಲ ಅನ್ನೋ ಸಾಲಿಗಳೇ ಜಾಸ್ತಿ, ಅದಕ್ಕ ನಾಲ್ಕೈದು ರಿಸಲ್ಟಿನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಂಡ್ರ ನೆಟ್ ಹೋದ್ರೂ ಕ್ಲಾಸ್ ನಡೀತದ. ನಾಲ್ಕೈದು ಹುಡುಗ್ರಿಗೆ ಒಂದು ಫೋನ್ ಇದ್ರ ಛಲೋ, ಒಬ್ಬೊಬ್ಬರಿಗೆ ಒಂದೊಂದು ಇದ್ರ ಮಾತೇ ಆಡಂಗಿಲ್ಲ, ಮಾತಾಡದೆ ಇದು ಕಲಿಯೋದಲ್ಲ.

ಎರಡನೇದು: ಏನು ಟೈಪ್ ಮಾಡಬೇಕು

ನಮ್ಮ ಭಾಗಕ್ಕ ಇದು ಭಾಳ ಮುಖ್ಯ, ಯಾಕಂದ್ರ ನಮ್ಮ ಊರುಗಳ ಹೆಸರೇ ಬದಲಾಗ್ಯಾವ. ಗುಲ್ಬರ್ಗಾ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಗಿದ್ದು 2019ಕ್ಕ. ಹಳೇ ವರದಿ, ಹಳೇ ಜನಗಣತಿ, ಹಳೇ ಪುಸ್ತಕ ಬೇಕಂದ್ರ ಗುಲ್ಬರ್ಗಾ ಅಂತನೇ ಹಾಕಬೇಕು. ಯಾದಗಿರಿ ಬಗ್ಗೆ ಹಳೇದು ಬೇಕಂದ್ರ ಗುಲ್ಬರ್ಗಾ ಜಿಲ್ಲಾದ ತಾಲೂಕು ಅಂತ ಹುಡುಕಬೇಕು. ಒಂದೇ ಪ್ರಶ್ನೆ ಕನ್ನಡದಾಗ, ಇಂಗ್ಲಿಷ್‌ದಾಗ, ಉರ್ದು ಬರೋ ಹುಡುಗ್ರಿದ್ರ ಉರ್ದುದಾಗ, ಔರಾದ ಭಾಲ್ಕಿ ಕಡಿ ಮಕ್ಕಳಿದ್ರ ಮರಾಠಿಯಾಗ ಹಾಕಸ್ರಿ, ಬರೋ ರಿಸಲ್ಟೇ ಬ್ಯಾರೆ. ನಾಲ್ಕು ಭಾಷಾ ಆಡೋ ಕ್ಲಾಸ್‌ರೂಮ್ ಎಲ್ಲರಿಗೂ ಸಿಗಂಗಿಲ್ಲ, ಅದನ್ನ ಉಪಯೋಗ ಮಾಡ್ಕೋರಿ.

ಉತ್ತರಾನ ಒಳಗ ತುರುಕಿದ ಪ್ರಶ್ನೆ ಕೇಳಬಾರದು ಅನ್ನೋದು ಹೇಳಿಕೊಡ್ರಿ. 'ಉಳ್ಳಾಗಡ್ಡಿ ರಸ ಕುಡಿದ್ರ ಶುಗರ್ ಹೋಗ್ತದ ಏನು' ಅಂತ ಹಾಕಿದ್ರ ಹೋಗ್ತದ ಅನ್ನೋ ಪೇಜ್‌ಗಳೇ ಮ್ಯಾಲ ಬರೋ ಛಾನ್ಸ್ ಜಾಸ್ತಿ. 'ಡಯಾಬಿಟಿಸ್ ಉಳ್ಳಾಗಡ್ಡಿ ಸಂಶೋಧನೆ' ಅಂತ ಹಾಕಿ ನೋಡ್ರಿ, ಬ್ಯಾರೇನೇ ಲೋಕ ಕಾಣ್ತದ.

ಗೂಗಲಿನ ಕೆಲವು ಚಿಹ್ನೆಗಳನ್ನ ಕಲಿಸ್ರಿ, ಎಲ್ಲಾ ಬ್ಯಾಡ. ಉದ್ಧರಣ ಚಿಹ್ನೆಯೊಳಗ ಹಾಕಿದ್ರ ಅದೇ ಪದಗಳು ಹಂಗೇ ಇರೋ ಪೇಜ್ ಹುಡುಕ್ತದ. ಒಂದು ಪದ ಬರೆಯೋಕಿಂತ ಮೊದಲು, ನಡುವ ಜಾಗ ಬಿಡದೆ ಮೈನಸ್ ಹಾಕಿದ್ರ ಅದು ಇರೋ ಪೇಜ್ ಬಿಡ್ತದ, ಹೋಟೆಲ್ ಜಾಹೀರಾತು ಕಾಟ ತಪ್ಪಸ್ಲಿಕ್ಕೆ ಭಾಳ ಉಪಯೋಗ. ಇಂಗ್ಲಿಷ್‌ದಾಗ ಸೈಟ್ ಅಂತ ಬರ್ದು ಕೋಲನ್ ಹಾಕಿ, ನಡುವ ಜಾಗ ಬಿಡದೆ ಗವ್ ಡಾಟ್ ಇನ್ ಅಂತ ಹಾಕಿದ್ರ ಸರ್ಕಾರಿ ಸೈಟ್‌ಗಳೊಳಗ ಅಷ್ಟೇ ಹುಡುಕ್ತದ. 371ಜೆ ಸರ್ಟಿಫಿಕೇಟಿಗೆ (ಕಲ್ಯಾಣ ಕರ್ನಾಟಕದವರ ಮೀಸಲಾತಿದು) ಏನೇನು ಬೇಕು ಅಂತ ಹುಡುಕೋ ಎಸ್ಎಸ್ಎಲ್‌ಸಿ ಮಕ್ಕಳಿಗೆ ಇದೊಂದು ಗೊತ್ತಿದ್ರ ಯೂಟ್ಯೂಬ್‌ದಾಗ ಅರ್ಧ ತಾಸು ಹಾಳ್ ಮಾಡ್ಕೊಳ್ಳೋದು ಉಳೀತದ. ಒಂದು ಮಾತು, ಸರ್ಕಾರದ ಹಳೇ ಕನ್ನಡ ಆದೇಶಗಳು ಭಾಳಷ್ಟು ಸ್ಕ್ಯಾನ್ ಮಾಡಿದ ಪಿಡಿಎಫ್, ಇಲ್ಲಾ ನುಡಿ ಅನ್ನೋ ಹಳೇ ನಮೂನಿ ಕನ್ನಡ ಫಾಂಟಿನ್ಯಾಗ ಇರ್ತಾವ, ಗೂಗಲಿಗೆ ಅದರೊಳಗಿನ ಕನ್ನಡ ಭಾಳ ಸಲ ಸರಿಯಾಗಿ ಓದ್ಲಿಕ್ಕೆ ಬರಂಗಿಲ್ಲ. ಹಿಂಗಾಗಿ ಕನ್ನಡದಾಗ ಹುಡುಕಿದಾಗ ಸಿಗಲಿಲ್ಲ ಅಂದ್ರ ಆದೇಶನೇ ಇಲ್ಲ ಅಂತ ಅಲ್ಲ, ಇಲಾಖೆ ಸೈಟಿಗೆ ಹೋಗಿ ದಿನಾಂಕ ನೋಡಿ ಕೈಯಿಂದನೇ ಹುಡುಕಬೇಕು.

ಮೂರನೇದು: ಒತ್ತೋಕಿಂತ ಮೊದಲು ಒಂದು ನಿಮಿಷ

ರಿಸಲ್ಟ್ ಪೇಜ್ ಬಂದ ಕೂಡ್ಲೇ ಬೆರಳು ಮೊದಲನೇದರ ಮ್ಯಾಲ ಹೋಗ್ತದ. ಆ ಬೆರಳು ತಡೀರಿ. ಮ್ಯಾಲೆ ಪ್ರಾಯೋಜಿತ ಅಂತ ಬರ್ದಿದ್ರ ಅದು ರೊಕ್ಕ ಕೊಟ್ಟು ಹಾಕ್ಸಿದ್ದು. ಅದರ ಜೋಡಿ ಈಗ ಎಐ ಬರ್ದ ಉತ್ತರನೂ ಮ್ಯಾಲೇ ಬಂದು ಕೂತಿರ್ತದ, ಅದರ ಬಗ್ಗೆ ಮುಂದ ಹೇಳ್ತೀನಿ. ಪೂರಾ ಪೇಜ್ ಕೆಳಗಿನ ತನಕ ಸರ್ಸಿ, ಯಾರು ಯಾರು ಬರ್ದಾರ ಅನ್ನೋದನ್ನ ಮೊದಲು ನೋಡ್ಲಿ, ಆಮ್ಯಾಲ ಯಾವುದು ತೆರೀಬೇಕು ಅಂತ ಗುಂಪಿನಾಗ ಮಾತಾಡಿ ಹೇಳ್ಲಿ.

ಅಡ್ರೆಸ್ ಓದೋದು ಇಲ್ಲೇ ಕಲಿಸ್ರಿ. ವೆಬ್ ಅಡ್ರೆಸ್ಸನ್ನ ಮೊದಲನೇ ಒಂಟಿ ಓರೆಗೆರಿ (ಸ್ಲ್ಯಾಶ್) ತನಕ ತಗೊಂಡು, ಹಿಂದಿನಿಂದ ಮುಂದಕ್ಕ ಓದಬೇಕು, ಅಂದ್ರ ಬಲದಿಂದ ಎಡಕ್ಕ. ಎಸ್ಎಸ್ಎಲ್‌ಸಿ ರಿಸಲ್ಟ್ ಬರೋದು ಕರ್‌ರಿಸಲ್ಟ್ಸ್ ಡಾಟ್ ಎನ್ಐಸಿ ಡಾಟ್ ಇನ್ ಮ್ಯಾಲ; ಕೊನೀಗೆ ಎನ್ಐಸಿ ಡಾಟ್ ಇನ್ ಇಲ್ಲಾ ಗವ್ ಡಾಟ್ ಇನ್ ಇದ್ರ ಅದು ಸರ್ಕಾರಕ್ಕ ಅಷ್ಟೇ ಸಿಗೋದು. ಅದೇ ಕರ್ನಾಟಕ, ಗವ್, ಸ್ಕಾಲರ್‌ಶಿಪ್ ಅಂತೆಲ್ಲಾ ಮುಂದ ಇದ್ದು ಕೊನೀಗೆ ಡಾಟ್ ಕಾಮೋ ಡಾಟ್ ಎಕ್ಸ್‌ವೈಝಡ್ಡೋ ಬಂತಂದ್ರ ಅದು ಯಾರದೋ ಮನೀದು. ಡಾಟ್ ಆರ್ಗ್ ಅಂದ್ರ ಸೇವಾ ಸಂಸ್ಥಾ, ನಂಬಬಹುದು ಅಂತ ಹಿಂದಕ್ಕ ಹೇಳಿಕೊಡ್ತಿದ್ರು, ಅದು ಖರೇ ಅಲ್ಲ, ರೊಕ್ಕ ಕಟ್ಟಿದ್ರ ಯಾರಿಗಾದ್ರೂ ಸಿಗ್ತದ.

ನಾಲ್ಕನೇದು: ಪೇಜ್ ಬಿಟ್ಟು ಹೊರಗ ಬರ್ರಿ

ಇಡೀ ಪಾಠದ ಜೀವ ಇಲ್ಲೇ ಅದ. ಅಮೇರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಾಗ ಸ್ಯಾಮ್ ವೈನ್‌ಬರ್ಗ್, ಸಾರಾ ಮೆಕ್‌ಗ್ರೂ ಅನ್ನೋರು ಒಂದು ಅಧ್ಯಯನ ಮಾಡಿದ್ರು, 2017ರಾಗ ಹೊರಗ ಬಂತು. 10 ಮಂದಿ ಇತಿಹಾಸದ ಪಿಎಚ್‌ಡಿಯವರು, 10 ಮಂದಿ ಫ್ಯಾಕ್ಟ್ ಚೆಕ್ ಮಾಡೋ ಕೆಲಸದವರು, 25 ಮಂದಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು, ಇವರ ಮುಂದ ವೆಬ್‌ಸೈಟ್ ಇಟ್ಟು ನಂಬಬಹುದೋ ಇಲ್ಲೋ ಹೇಳ್ರಿ ಅಂದ್ರು. ಅದರಾಗ ಮಕ್ಕಳ ಡಾಕ್ಟರ್‌ಗಳ ಎರಡು ಸಂಘಟನೆ ಇದ್ದವು, ಒಂದು 1930ರಿಂದ ಇರೋ ದೊಡ್ಡ ಸಂಸ್ಥಾ, ಇನ್ನೊಂದು 2002ರಾಗ ಅದರಿಂದ ಸಿಡಿದು ಹೋದ ಸಣ್ಣ ಗುಂಪು, ಹೆಸರು ಮಾತ್ರ ಹೆಚ್ಚು ಕಡಿಮಿ ಒಂದೇ ನಮೂನಿ. ಪಿಎಚ್‌ಡಿ ಮಾಡಿದವರೊಳಗೂ ಎಷ್ಟೋ ಮಂದಿ ಪೇಜಿನೊಳಗೇ ಕೂತು ಲೋಗೋ ನೋಡಿ, ಭಾಷಾ ನೋಡಿ, ಕೆಳಗಿನ ಉಲ್ಲೇಖ ನೋಡಿ ಮೋಸ ಹೋದ್ರು. ಫ್ಯಾಕ್ಟ್ ಚೆಕ್‌ನವರು ಪೇಜ್ ಪೂರಾ ಓದ್ಲೇ ಇಲ್ಲ, ಹೊಸಾ ಟ್ಯಾಬ್ ತೆಗೆದು ಆ ಸಂಘಟನೆ ಹೆಸರು ಹಾಕಿ ಮಂದಿ ಇದರ ಬಗ್ಗೆ ಏನು ಹೇಳ್ತಾರ ಅಂತ ನೋಡಿ ಸ್ವಲ್ಪೇ ಹೊತ್ತಿನ್ಯಾಗ ಸರಿ ಉತ್ತರ ಹೇಳಿದ್ರು.

ಇದು ನಮ್ಮ ಮಂದಿಗೆ ಹೊಸದಲ್ಲ ಬಿಡ್ರಿ. ಹೆಣ್ಣು ಕೊಡೋ ಮೊದಲು ಹುಡುಗ ಹ್ಯಾಂಗ ಅಂತ ಹುಡುಗನ್ನೇ ಯಾರಾದ್ರೂ ಕೇಳ್ತಾರೇನು, ಆ ಓಣ್ಯಾಗ ಹೋಗಿ ಕಿರಾಣಿ ಅಂಗಡಿಯವನ್ನ ಕೇಳ್ತಾರ. ಹುಡುಗ್ರಿಗೆ ಹಿಂಗೇ ಹೇಳ್ರಿ, ಒಮ್ಮೆ ನಕ್ಕು ಮತ್ತ ಮರಿಯಂಗಿಲ್ಲ.

ಕ್ಲಾಸಿನಾಗ ಮಾಡಿಸೋದು ಹಿಂಗ: ಸೈಟ್ ತೆರೆದು ಒಂದು ನಿಮಿಷದೊಳಗ ಅದರ ಹೆಸರು ಕಾಪಿ ಮಾಡ್ಕೊಂಡು ಹೊರಗ ಬರಬೇಕು, ಹೊಸಾ ಟ್ಯಾಬಿನ್ಯಾಗ ಆ ಹೆಸರು ಹಾಕಬೇಕು, ಯಾರು ನಡಸ್ತಾರ, ರೊಕ್ಕ ಎಲ್ಲಿಂದ ಬರ್ತದ, ಬ್ಯಾರೆಯವರು ಏನಂತಾರ, ಮೂರು ಸಾಲು ಬರೀಬೇಕು. ವಿಕಿಪೀಡಿಯಾ ಇದಕ್ಕ ಭಾಳ ಛಲೋ. ವಿಕಿಪೀಡಿಯಾ ನಂಬಬ್ಯಾಡ್ರಿ ಅಂತ ಒಂದೇ ಉಸಿರಿನ್ಯಾಗ ಹೇಳೋದು ನಂಗ ಒಪ್ಪಿಗಿ ಇಲ್ಲ. ಅಲ್ಲಿಂದ ಕಾಪಿ ಮಾಡಬ್ಯಾಡ, ಕೆಳಗಿನ ಅಡಿಟಿಪ್ಪಣಿ ಒತ್ತಿ ಮೂಲಕ್ಕ ಹೋಗು ಅನ್ರಿ. ಅಡಿಟಿಪ್ಪಣಿನೇ ಇಲ್ಲದ ಪ್ಯಾರಾ ಇದ್ರ ಅದಕ್ಕ ಅಷ್ಟೇ ಬೆಲಿ.

ಐದನೇದು: ಮೂಲದ ತನಕ ಹೋಗೋದು

ಮದರಸಾಕ್ಕ ವಾಪಸ್ ಬರೋಣ. ಕೆಲವು ಸೈಟ್ 1471 ಅಂತಾವ, ಕೆಲವು 1472. ಯಾವ ಸೈಟ್ ಸುಳ್ಳು ಅಂತ ಹುಡುಗ್ರು ಜಗಳಾಡ್ತಾರ, ಆಡ್ಲಿ ಬಿಡ್ರಿ. ಆಮ್ಯಾಲ ಬೋರ್ಡ್ ಮ್ಯಾಲ ಒಂದು ಲೆಕ್ಕ ಮಾಡಸ್ರಿ. ಈ ಕಟ್ಟಡಕ್ಕ ಆ ಕಾಲದಾಗ ಅಕ್ಷರದಿಂದ ವರ್ಷ ಹೇಳೋ ಒಂದು ಸಾಲು ಕಟ್ಟಿದ್ರು, 'ರಬ್ಬನಾ ತಕಬ್ಬಲ್ ಮಿನ್ನಾ' ಅಂತ, ಕುರ್‌ಆನಿನ ಮಾತು. ಅರಬ್ಬಿ ಅಕ್ಷರಕ್ಕ ಒಂದೊಂದು ಸಂಖ್ಯಾ ಇರ್ತದ, ಉರ್ದು ಓದೋ ಹುಡುಗಿಯೊಬ್ಬಳನ್ನ ಬೋರ್ಡಿಗೆ ಕರೀರಿ. ರೇ 200, ಬೇ 2, ನೂನ್ 50, ಅಲಿಫ್ 1, ಒಟ್ಟು 253. ತೇ 400, ಖಾಫ್ 100, ಬೇ 2, ಲಾಮ್ 30, ಒಟ್ಟು 532. ಮೀಮ್ 40, ನೂನ್ 50, ಅಲಿಫ್ 1, ಒಟ್ಟು 91. ಒತ್ತಿ ಹೇಳೋ ಅಕ್ಷರ ಇದ್ರೂ ಒಂದೇ ಸಲ ಎಣಿಸಬೇಕು. ಮೂರೂ ಕೂಡಿಸಿದ್ರ 876. ಹಿಜರಿ 876 ಅಂದ್ರ 1471ರ ಜೂನ್‌ದಿಂದ 1472ರ ಜೂನ್ ತನಕ. ಅಂದ್ರ ಎರಡೂ ಸೈಟ್ ಅರ್ಧರ್ಧ ಖರೇ, ಹಿಜರಿ ವರ್ಷ ನಮ್ಮ ಕ್ಯಾಲೆಂಡರಿನ ಎರಡು ವರ್ಷದ ಮ್ಯಾಲ ಬೀಳ್ತದ, ಅದನ್ನ ಹೇಳದೆ ಒಂದೇ ವರ್ಷ ಬರ್ದು ಬಿಟ್ಟಾರ. ಹತ್ತು ವೆಬ್‌ಸೈಟ್ ಸೇರಿ ಹೇಳದಿದ್ದು ಬೋರ್ಡ್ ಮ್ಯಾಲ ಐದು ನಿಮಿಷದಾಗ ಬರ್ತದ, ಹುಡುಗ್ರ ಮುಖ ನೋಡ್ಬೇಕು ಅವಾಗ.

ಮಿನಾರದ ಪ್ರಶ್ನೆಗೆ ಸೈಕಲ್ಲೇ ಉತ್ತರ. ಮುಂದ ಎರಡಿದ್ದವು, ಈಗ ನಿಂತಿದ್ದು ಒಂದೇ. ಬಿದ್ದಿದ್ದು ಯಾಕ ಅನ್ನೋದಕ್ಕ ಮದ್ದಿನ ಸ್ಫೋಟ ಅನ್ನೋರೂ ಇದ್ದಾರ, ಸಿಡಿಲು ಅನ್ನೋರೂ ಇದ್ದಾರ. ಬೀದರ್ ರಾಜಧಾನಿ ಆಗಿದ್ದು ಯಾವಾಗ ಅಂತ ಹುಡುಕಿದ್ರ ಇನ್ನೂ ಗೊಂದಲ, 1424, 1425, 1429, 1432 ಹಿಂಗ ಸಿಗ್ತಾವ. ರಾಜಧಾನಿ ಬೀದರಿಗೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹ್ ಆಳಿದ್ದು 1422ರಿಂದ 1436, ಹಿಂಗಾಗಿ ಇದರ ಹೊರಗಿನ ವರ್ಷ ಹೇಳಿದ್ರ ಅದು ತಪ್ಪು, ಒಳಗಿನ ವರ್ಷ ಇದ್ರ ಪಂಡಿತರಲ್ಲೇ ಒಮ್ಮತ ಇಲ್ಲ. ಈ ಎರಡಕ್ಕೂ ವ್ಯತ್ಯಾಸ ಅದ ಅಂತ ತಿಳಿದ್ರ ಸಾಕು, 'ಸರ್ ಖರೇ ಉತ್ತರ ಯಾವುದು ಹೇಳ್ರಿ' ಅಂತ ಗಂಟುಬಿದ್ರೂ ನೀವು ಒಂದನ್ನ ಆರಿಸಿ ಕೊಡಬ್ಯಾಡ್ರಿ.

ವಚನಕ್ಕೂ ಇದೇ ಪದ್ಧತಿ. 'ಕಾಯಕವೇ ಕೈಲಾಸ' ಅಂತ ಹಾಕಿ ಇಮೇಜ್ ಹುಡುಕಸ್ರಿ, ಬಸವಣ್ಣನವರ ಫೋಟೋ ಹಾಕಿದ ಪೋಸ್ಟರ್ ರಾಶಿ ರಾಶಿ ಬರ್ತಾವ. ಅದೇ ಪದ ವಚನ ಸಂಚಯ ಅನ್ನೋ ಸೈಟಿನಾಗ ಹಾಕಸ್ರಿ, ಆಯ್ದಕ್ಕಿ ಮಾರಯ್ಯನ ವಚನ ಸಿಗ್ತದ, ಕೊನೀಗೆ ಅಮರೇಶ್ವರಲಿಂಗ ಅನ್ನೋ ಅಂಕಿತ. ಬಸವಕಲ್ಯಾಣ ನಮ್ಮ ಜಿಲ್ಲಾದಾಗೇ ಅದ, ವಚನ ವಾಟ್ಸಾಪಿನ್ಯಾಗ ದಿನಾ ಬೆಳಿಗ್ಗೆ ಬರ್ತಾವ, ಕೆಲವು ಯಾವ ಶರಣರೂ ಬರ್ದಿದ್ದಲ್ಲ, ಕೆಳಗ ಕೂಡಲಸಂಗಮದೇವ ಅಂತ ಯಾರೋ ಹಚ್ಚಿರ್ತಾರ. ಹುಡುಕುವಾಗ ಒಂದು ಪದ ಸಿಗಲಿಲ್ಲ ಅಂತ ಕೂಡ್ಲೇ ಖೊಟ್ಟಿ ಅನ್ನಬಾರದು, ಪಾಠಾಂತರ ಇರ್ತಾವ, ಅದೇ ಸಾಲಿನ ಬ್ಯಾರೆ ಪದ ಹಾಕಿ ನೋಡಬೇಕು.

ಆರನೇದು: ಅಂಕಿ ಸಂಖ್ಯಾ ಬಂದಾಗ

'2021ರ ಜನಗಣತಿ ಪ್ರಕಾರ ಯಾದಗಿರಿ ಸಾಕ್ಷರತೆ ಇಷ್ಟು' ಅಂತ ಪ್ರಬಂಧದಾಗ ಬರ್ದಿದ್ರ ಕೆಂಪು ಪೆನ್ ತಗೋರಿ. 2021ರ ಜನಗಣತಿ ನಡೆದೇ ಇಲ್ಲ, ಕೋವಿಡ್ ಸಲುವಾಗಿ ಮುಂದಕ್ಕ ಹೋಗಿ 2027ರ ಜನಗಣತಿ ಅಂತ ಆಗ್ಯದ. ಇರೋದು 2011ರದ್ದು: ಬೀದರ್ 70.51, ಗುಲ್ಬರ್ಗಾ 64.85, ಯಾದಗಿರಿ 51.83 ಪ್ರತಿಶತ. ಅದಾದ ಮ್ಯಾಲಿನ ಯಾವುದೇ ಸಂಖ್ಯಾ ಇದ್ರ ಅದು ಅಂದಾಜು, ಇಲ್ಲಾ ಸ್ಯಾಂಪಲ್ ಸರ್ವೆ, ಯಾರು ಮಾಡಿದ್ದು ಅಂತ ಹೇಳಬೇಕು. ಜನಗಣತಿಯದ್ದು ಏಳು ವರ್ಷ ಮ್ಯಾಲ್ಪಟ್ಟವರ ಲೆಕ್ಕ ಅನ್ನೋದೂ ಹೇಳ್ರಿ, ಪಕ್ಕದಾಗ ಇಟ್ಟು ಹೋಲಿಸೋ ಸರ್ವೆದಾಗ ವಯಸ್ಸು ಬ್ಯಾರೆ ಇರ್ತದ.

ಏಳನೇದು: ಫೋಟೋ, ವಿಡಿಯೋ, ಫಾರ್ವರ್ಡ್

ಇಲ್ಲಿ ನಗು ಬಂದ್. 2018ರ ಜುಲೈ 13ಕ್ಕ ನಮ್ಮ ಔರಾದ ತಾಲೂಕಿನ ಮುರ್ಕಿ ಹತ್ರ ಏನಾಯ್ತು ಅಂತ ಈಗಿನ ಹುಡುಗ್ರಿಗೆ ಗೊತ್ತಿಲ್ಲ, ಅವರು ಸಣ್ಣವರಿದ್ರು. ಹೈದರಾಬಾದ್ ಕಡಿಂದ ಕಾರಿನ್ಯಾಗ ಬಂದವರು ದಾರಿಯಾಗ ಸಾಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ರು, ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪಿನ್ಯಾಗ ಹಬ್ಬಿತು, ಮುಂದಿನ ಊರಿನವರು ದಾರಿ ಕಟ್ಟಿ ಹೊಡೆದ್ರು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ, ಬಿಡಿಸ್ಲಿಕ್ಕೆ ಹೋದ ಪೊಲೀಸರಿಗೂ ಪೆಟ್ಟಾತು. ಆ ವರ್ಷ ದೇಶದ ತುಂಬ ಓಡಾಡ್ತಿದ್ದ ಒಂದು ವಿಡಿಯೋ ಇತ್ತು, ಬೈಕ್ ಮ್ಯಾಲ ಬಂದವರು ಓಣ್ಯಾಗ ಆಡೋ ಮಗುನ್ನ ಎತ್ಕೊಂಡು ಹೋಗ್ತಾರ. ಅದು ಕರಾಚಿಯ ಒಂದು ಸಂಸ್ಥಾ ಮಕ್ಕಳ ಸುರಕ್ಷತಾ ಬಗ್ಗೆ ಮಾಡಿಸಿದ ಜಾಗೃತಿ ಫಿಲ್ಮು. ಮೂಲದಾಗ ಬೈಕಿನವರು ಮಗುನ್ನ ವಾಪಸ್ ಬಿಟ್ಟು ಒಂದು ಬೋರ್ಡ್ ತೋರಿಸ್ತಾರ, ಆ ಕೊನೀ ತುಂಡು ಕತ್ತರಿಸಿ ಬಿಟ್ಟಿದ್ರು. ಮುರ್ಕಿ ಆದ ಮ್ಯಾಲೇ ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಾಗ ಒಮ್ಮೆಗೆ ಐದು ಚಾಟಿಗೆ ಅಷ್ಟೇ ಫಾರ್ವರ್ಡ್ ಅಂತ ಮಿತಿ ಹೇರಿತು.

ಕಲಿಸಬೇಕಾದ ಕೆಲಸ ಕಡಿಮಿ ಅದ. ಜೋಡಿ ಬಾಣದ ಗುರುತು ಇದ್ರ ಅದು ಭಾಳ ಕೈ ದಾಟಿ ಬಂದದ್ದು. ಫೋಟೋ ಇದ್ರ ಗೂಗಲ್ ಲೆನ್ಸಿಗೆ ಹಾಕು, ಇದೇ ಫೋಟೋ ಹಿಂದಕ್ಕ ಎಲ್ಲಿ ಬಂದಿತ್ತು ನೋಡು. ವಿಡಿಯೋ ಇದ್ರ ಅಂಗಡಿ ಬೋರ್ಡು, ಗಾಡಿ ನಂಬರು ಕಾಣೋ ಜಾಗಕ್ಕ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗಿ, ಅದನ್ನ ಲೆನ್ಸಿಗೆ ಹಾಕು. ಬೋರ್ಡಿನ ಭಾಷಾ ನೋಡು, ಗಾಡಿ ನಂಬರ್ ಪ್ಲೇಟ್ ನೋಡು, ಬೀದರ್ ಆರ್‌ಟಿಓದ್ದು ಕೆಎ 38, ಕಲಬುರಗಿ 32, ಯಾದಗಿರಿ 33. ಕೇಂದ್ರ ಸರ್ಕಾರದ ಸ್ಕೀಮ್ ಬಗ್ಗೆ ಇದ್ರ ಪಿಐಬಿ (ಕೇಂದ್ರದ ಸುದ್ದಿ ಕಚೇರಿ) ಫ್ಯಾಕ್ಟ್ ಚೆಕ್, ಕನ್ನಡದಾಗ ಓದಬೇಕಂದ್ರ ನ್ಯೂಸ್‌ಮೀಟರ್, ನ್ಯೂಸ್‌ಚೆಕರ್ ಕನ್ನಡ ವಿಭಾಗ ಅವ. ಎಲ್ಲೂ ಸಿಗಲಿಲ್ಲ ಅಂದ್ರ ಕಳಸಬ್ಯಾಡ, ಅಷ್ಟೇ.

ಎಐ ಬಗ್ಗೆ

ಬ್ಯಾಡ ಅಂದ್ರ ಕೇಳಂಗಿಲ್ಲ, ಹಿಂಗಾಗಿ ಕ್ಲಾಸಿನ್ಯಾಗೇ ತೆಗೀಸ್ರಿ. ತಮ್ಮೂರಿನ ಜಾತ್ರಿ ಯಾವಾಗ, ಗುಡಿ ಕಟ್ಟಿದ್ದು ಯಾರು, ಊರಾಗ ಎಷ್ಟು ಕೆರಿ ಅವ ಅಂತ ಚಾಟ್‌ಜಿಪಿಟಿಗೋ ಜೆಮಿನಿಗೋ ಕೇಳಲಿ. ಸಣ್ಣ ಊರಿದ್ದಷ್ಟು ಛಲೋ. ಇಲ್ಲದ ರಾಜ, ಇಲ್ಲದ ಕೆರಿ, ಭಾಳ ಚಂದ ಕನ್ನಡದಾಗ ಹೇಳ್ತದ, ಹುಡುಗ್ರು ಬಿದ್ದು ಬಿದ್ದು ನಗ್ತಾರ. ಮತ್ತ ಯಾವ ಪುಸ್ತಕದಾಗ ಅದ ಅಂತ ಕೇಳಸ್ರಿ, ಪುಸ್ತಕದ ಹೆಸರು ಕೊಟ್ರ ಅಂಥ ಪುಸ್ತಕ ಖರೇನೇ ಅದ ಏನು ಅಂತ ಹುಡುಕಲಿ. ಯಾವ ಪದ ಹಾಕಿ ಹುಡುಕಬೇಕು ಅಂತ ಕೇಳ್ಲಿಕ್ಕೆ, ಗಟ್ಟಿ ಇಂಗ್ಲಿಷ್ ಪ್ಯಾರಾ ಸರಳ ಮಾಡಸ್ಲಿಕ್ಕೆ ಎಐ ಛಲೋ, ಮೂಲ ಅಂತ ಬರೀಲಿಕ್ಕೆ ಅಲ್ಲ.

ಮಾರ್ಕ್ಸ್ ಹ್ಯಾಂಗ ಕೊಡೋದು

ಉತ್ತರಕ್ಕ ಅರ್ಧ, ದಾರಿಗೆ ಅರ್ಧ ಇಡ್ರಿ. ದಾರಿ ಅಂದ್ರ ಬುಕ್ಕಿನ ಎಡಗಡಿ ಪೇಜಿನಾಗ ಏನು ಟೈಪ್ ಮಾಡಿದೆ, ಯಾವ ಸೈಟ್ ಬಿಟ್ಟೆ, ಯಾಕ ಬಿಟ್ಟೆ, ಎಲ್ಲಿ ಇಬ್ಬರು ಬ್ಯಾರೆ ಬ್ಯಾರೆ ಹೇಳಿದ್ರು ಅಂತ ಬರ್ದಿರಬೇಕು. ಗೂಗಲ್ ಅಂತ ಮೂಲ ಬರ್ದಿದ್ರ ಸೊನ್ನಿ. ಬಿಟ್ಟಿದ್ದಕ್ಕ ಕಾರಣ ಬರ್ದ ಹುಡುಗಗ, ಉತ್ತರ ತಪ್ಪಿದ್ರೂ ನಾನು ಜಾಸ್ತಿ ಕೊಡ್ತೀನಿ, ಕೆಲವು ಸಹೋದ್ಯೋಗಿಗಳಿಗೆ ಇದು ಸರಿ ಅನ್ಸಂಗಿಲ್ಲ, ಇರ್ಲಿ.

ಮನಿ ವಿಷಯನೂ ಮೊದಲೇ ಹೇಳಿ ಕಳಸ್ರಿ. ಇದು ಕಲ್ತ ಹುಡುಗ ಅದೇ ದಿನ ಸಂಜೀಗೆ ಫ್ಯಾಮಿಲಿ ಗ್ರೂಪಿನ್ಯಾಗ ದೊಡ್ಡಪ್ಪನ ಫಾರ್ವರ್ಡಿಗೆ 'ಫೇಕ್' ಅಂತ ಬರ್ದು ಬೈಸ್ಕೊಂಡು ಬರ್ತಾನ, ಮಾರನೇ ದಿನ ಪಾಲಕರು ಸಾಲಿಗೆ ಬರ್ತಾರ. ಗ್ರೂಪಿನ್ಯಾಗ ಬರೀಬ್ಯಾಡ, ಬ್ಯಾರೆ ಮೆಸೇಜ್ ಹಾಕಿ 'ದೊಡ್ಡಪ್ಪ, ಇದು ನಿಮಗ ಯಾರು ಕಳಿಸಿದ್ರು' ಅಂತ ಮೊದಲು ಕೇಳು, ಆಮ್ಯಾಲ ನಿನಗ ಸಿಕ್ಕ ಲಿಂಕ್ ಕಳಸು ಅಂತ ಹೇಳಿಕೊಡ್ರಿ. ಡಿಲೀಟ್ ಮಾಡೋದು ಬಿಡೋದು ದೊಡ್ಡಪ್ಪನಿಗೆ ಬಿಟ್ಟದ್ದು.